ಎರಡು ರಾಜ್ಯದ ಮಗು, ಒಂದೇ ಕಡತ

ಕಲ್ಯಾಣದ ಪಕ್ಕದ ವಿಠ್ಠಲವಾಡಿಯಲ್ಲಿ ಪಾಳಣಾಘರ, ಅಂದರೆ ಶಿಶುಪಾಲನಾ ಕೇಂದ್ರ, ನಡೆಸುವವರ ಕೈಗೆ ಮಗುವಿಗಿಂತ ಮೊದಲು ಬರುವುದು ಒಂದು ಪ್ಲಾಸ್ಟಿಕ್ ಚೀಲ. ಜನನ ಪತ್ರದ ಝೆರಾಕ್ಸ್, ಮಡಿಸಿ ಮಡಿಸಿ ಗೆರೆಬಿದ್ದ ಲಸಿಕೆ ಕಾರ್ಡು, ನೀಲಿ ಬಣ್ಣದ ಆಧಾರ್, ಹಿಂಬದಿಗೆ ಎರಡು ಫೋನ್ ನಂಬರ್ ಗೀಚಿದ ಔಷಧಿ ಚೀಟಿ. ತಾಯಿಗೆ ಸಿಎಸ್‌ಎಂಟಿ ಲೋಕಲ್ ಹಿಡಿಯುವ ಗಡಿಬಿಡಿ. ಚೀಲ ಗೋಡೆಯ ಮೊಳೆ ಸೇರಿತೆಂದರೆ ಮಗು ಶಾಲೆಗೆ ಹೋಗುವವರೆಗೂ ಅಲ್ಲೇ ತೂಗುತ್ತಿರುತ್ತದೆ.

ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನೆಯ ವ್ಯವಸ್ಥೆ ಮಾಡಲೇಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಅಂಗಡಿ, ಕ್ಲಿನಿಕ್, ಹೋಟೆಲು, ಮನೆಗೆಲಸ ಎಂದು ಹಂಚಿಹೋದ ಹೆಂಗಸರಿಗೆ ಆ ನಿಯಮ ಎಟುಕುವುದಿಲ್ಲ. ಅವರಿಗೆ ಗತಿ ಪಕ್ಕದ ಬಿಲ್ಡಿಂಗಿನ ಕಾಕುವಿನ ಒಂದು ಕೋಣೆ. ಅದರಲ್ಲೂ ಕನ್ನಡದ ಮನೆಯ ಮಗುವಿನ ಕಾಗದಕ್ಕೆ ಒಂದು ಸುತ್ತು ಹೆಚ್ಚು. ಚೊಚ್ಚಲ ಹೆರಿಗೆ ತವರಿನಲ್ಲಿ, ಹಾಗಾಗಿ ಹುಟ್ಟಿದ್ದು ಕುಂದಾಪುರದಲ್ಲೋ ಇಂಡಿಯಲ್ಲೋ, ಲಸಿಕೆ ಬರೆಯುವ ‘ತಾಯಿ ಕಾರ್ಡು’ ಕನ್ನಡದಲ್ಲಿ. ಬೆಳೆಯುವುದು ಕಲ್ಯಾಣದ ಮಗ್ಗುಲಲ್ಲಿ, ಇಲ್ಲಿನ ಕಾಗದ ಮರಾಠಿಯಲ್ಲಿ. ಮುಂದೆ ಸೇರುವ ಶಾಲೆ ಬಹುತೇಕ ಇಂಗ್ಲಿಷಿನದು. ಮೂರು ಲಿಪಿಗೆ ಸಿಕ್ಕ ಮಗು ಮೂವರಾಗಿಬಿಡದಂತೆ ನೋಡಿಕೊಳ್ಳಲು ಈ ಸೂತ್ರಗಳು. ಎಲ್ಲಕ್ಕೂ ಒಂದೇ ತೂಕವಿಲ್ಲ. ಎರಡನೆಯದನ್ನೂ ಐದನೆಯದನ್ನೂ ಮಾಡದವರು ಉಳಿದವಕ್ಕೆ ಕೈ ಹಾಕದಿದ್ದರೂ ನಡೆದೀತು.

1. ಮೊದಲ ಪುಟವನ್ನು ಹೊಸಬರಿಗಾಗಿ ಬರೆಯಿರಿ

ಒಂದು ಮಗುವಿಗೆ ಒಂದು ಕಡತ. ಒಡಹುಟ್ಟಿದವರಾದರೂ, ಅವಳಿಗಳಾದರೂ ಬೇರೆ ಬೇರೆ. ಮೊದಲ ಹಾಳೆ ದಪ್ಪ ಅಕ್ಷರದ ಒಂದೇ ಪುಟವಾಗಿರಲಿ: ಹೆಸರು, ಹುಟ್ಟಿದ ದಿನ, ಒಗ್ಗದ ತಿನಿಸು ಮತ್ತು ಔಷಧಿ, ನೋಡುವ ಡಾಕ್ಟರು, ಫೋನ್ ನಂಬರುಗಳು. ನೀವು ರಜೆ ಹಾಕಿದ ದಿನ ಬಂದು ಕೂರುವ ನಿಮ್ಮ ಅತ್ತಿಗೆಗೆ ಅದು ಅರ್ಧ ನಿಮಿಷದಲ್ಲಿ ಅರ್ಥವಾಗಬೇಕು. ನಿಮಗೆ ಎಲ್ಲವೂ ಬಾಯಿಪಾಠವಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಅಚ್ಚಾದ ಫಾರಂಗಳಲ್ಲಿ ಇರದ ಎರಡು ಸಾಲು ಸೇರಿಸಿ. ಒಂದು, ಮನೆಯಲ್ಲಿ ಕರೆಯುವ ಹೆಸರು. ‘ಪುಟ್ಟ’ ಎಂದರಷ್ಟೇ ತಿರುಗುವ ಮಗುವಿಗೆ ಜನನ ಪತ್ರದ ಹೆಸರು ಹಿಡಿದು ಹತ್ತು ಸಲ ಕೂಗಿದರೂ ಅದು ಬೇರೆ ಯಾರೋ. ಇನ್ನೊಂದು, ನೀರು, ಹಸಿವು, ನೋವು, ಒಂದು-ಎರಡು ಇವಕ್ಕೆಲ್ಲ ಮಗು ಹೇಳುವ ಮಾತು. ತುಳು ಮನೆಯ ಮಗು ‘ಬೇನೆ’ ಎಂದು ಹೊಟ್ಟೆ ಹಿಡಿದರೆ ಮರಾಠಿ ಆಯಾಗೆ ಏನು ತಿಳಿದೀತು? ಲಂಬಾಣಿ ಮನೆಯ ಮಗುವಿನ ಕಥೆ ಕೇಳುವುದೇ ಬೇಡ. ಈ ನಾಲ್ಕು ಮಾತನ್ನು ದೇವನಾಗರಿಯಲ್ಲೂ ಬರೆದಿಡಿ.

2. ಹೆಸರಿನ ಜಗಳವನ್ನು ಮೊದಲ ವಾರವೇ ಮುಗಿಸಿ

ಮುಂದೆ ಶಾಲೆಯಲ್ಲಿ, ಆಧಾರ್ ಕೇಂದ್ರದಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ ಆಗುವ ಅಲೆದಾಟದ ಬೀಜ ಇರುವುದು ಇಲ್ಲೇ. ಮಹಾರಾಷ್ಟ್ರದ ಫಾರಂ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಕೊನೆಗೆ ಅಪ್ಪನ ಹೆಸರು ಕೇಳುತ್ತದೆ. ನಮ್ಮಲ್ಲಿ ಹಲವರಿಗೆ ಅಡ್ಡಹೆಸರೇ ಇಲ್ಲ, ಊರಿನದೋ ಅಪ್ಪನದೋ ಇನಿಷಿಯಲ್ ಮಾತ್ರ. ಖಾನೆ ಖಾಲಿ ಬಿಡಲು ಮನಸ್ಸಾಗದ ಗುಮಾಸ್ತ ಇನಿಷಿಯಲ್ಲನ್ನು ಎಳೆದು ಅಡ್ಡಹೆಸರು ಮಾಡುತ್ತಾನೆ, ಅಥವಾ ಅಜ್ಜನ ಹೆಸರನ್ನು ತಂದು ಕೂರಿಸುತ್ತಾನೆ. ಕರಾವಳಿಯ ಕೆಲವು ಮನೆಗಳಲ್ಲಿ ಮಗುವಿಗೆ ತಾಯಿಯ ಕಡೆಯ ಹೆಸರು ಬರುವುದುಂಟು; ಅದನ್ನು ನೋಡಿದವರು ಅಪ್ಪನ ಹೆಸರು ತಪ್ಪಾಗಿದೆ ಎಂದು ತಿದ್ದಿಯೂ ಬಿಡುತ್ತಾರೆ.

ನಿಮ್ಮ ನಿಯಮ ಸರಳ: ಜನನ ಪತ್ರದಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ. ಲಕ್ಷ್ಮಿಯನ್ನು ಅಲ್ಲಿ ‘ಎಕ್ಸ್’ ಹಾಕಿ ಬರೆದಿದ್ದರೆ ನೀವೂ ‘ಎಕ್ಸ್’ ಹಾಕಿ, ‘ಕೆ-ಎಸ್-ಎಚ್’ ಎಂದು ವಿದ್ವತ್ತು ತೋರಿಸಬೇಡಿ. ವಿಠ್ಠಲನ ಹೆಸರಿನಲ್ಲಿ ‘ಟಿ’ ಒಂದೋ ಎರಡೋ ಎಂಬುದನ್ನು ಪತ್ರ ನೋಡಿಯೇ ಹೇಳಬೇಕು. ಆಧಾರಿನಲ್ಲೂ ಲಸಿಕೆ ಕಾರ್ಡಿನಲ್ಲೂ ಬೇರೆ ರೀತಿ ಇದ್ದರೆ ಮೂರನ್ನೂ ಒಂದರ ಕೆಳಗೊಂದು ಬರೆದು, ವ್ಯತ್ಯಾಸದ ಅಡಿಗೆ ಕೆಂಪು ಗೆರೆ ಎಳೆದು ತಾಯಿಗೆ ತೋರಿಸಿ. ತಿದ್ದಿಸುವ ಕೆಲಸ ಅವರದು, ಕಂಡುಹಿಡಿಯುವುದು ನಿಮ್ಮದು.

ಹೆಸರಿನ ಜಾಗವೇ ಖಾಲಿ ಇರುವ ಪತ್ರಗಳೂ ಬರುತ್ತವೆ. ತೊಟ್ಟಿಲು ಶಾಸ್ತ್ರಕ್ಕೆ ಮುಂಚೆಯೇ ಆಸ್ಪತ್ರೆ ನೋಂದಣಿ ಮಾಡಿಸಿರುತ್ತದೆ. 21 ದಿನದೊಳಗೆ ಜನನ ವರದಿಯಾಗಬೇಕೆಂಬುದು ನಿಯಮ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಎಲ್ಲಿ? 1969ರ ಜನನ-ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ ಜಾಗದಲ್ಲೇ ನೋಂದಣಿ. ಕುಂದಾಪುರದಲ್ಲಿ ಹುಟ್ಟಿದ ಮಗುವಿಗೆ ಕಲ್ಯಾಣದ ಪಾಲಿಕೆ ಏನೂ ಮಾಡದು. ಇಲ್ಲಿಯೇ ಹುಟ್ಟಿದವರಿಗೂ ಒಂದು ಪೇಚಿದೆ. ಕಲ್ಯಾಣ-ಡೊಂಬಿವಲಿ ಪಾಲಿಕೆಯೂ ಉಲ್ಲಾಸನಗರ ಪಾಲಿಕೆಯೂ ಒಂದಕ್ಕೊಂದು ತಾಗುವ ಜಾಗ ವಿಠ್ಠಲವಾಡಿ. ಮನೆ ಒಂದರಲ್ಲಿ, ಹೆರಿಗೆಯಾದ ಆಸ್ಪತ್ರೆ ಇನ್ನೊಂದರಲ್ಲಿ. ಯಾವ ಪಾಲಿಕೆ, ನೋಂದಣಿ ಸಂಖ್ಯೆ ಯಾವುದು ಎಂಬುದನ್ನು ಮೊದಲ ಪುಟದಲ್ಲೇ ಬರೆದಿಟ್ಟರೆ ತಪ್ಪು ಕಚೇರಿಯಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ. ಊರಿನ ತಿದ್ದುಪಡಿಗೆ ಮೇ ತಿಂಗಳ ರಜೆಯ ಟಿಕೆಟ್ ಮಾಡಿಸುವಾಗಲೇ ತಾಯಿಗೆ ನೆನಪಿಸಿ.

ಈ ನೋಂದಣಿ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲಂತೂ ಉದಾಸೀನ ಸಲ್ಲದು. ಆ ವರ್ಷ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೆ ಹುಟ್ಟಿನ ದಿನ, ಸ್ಥಳದ ಪುರಾವೆ ಎಂದರೆ ಜನನ ಪ್ರಮಾಣಪತ್ರವೇ. ಆಗ ಹುಟ್ಟಿದ ಮಕ್ಕಳೇ ಈಗ ಬಾಲವಾಡಿಯ ವಯಸ್ಸಿಗೆ ಬರುತ್ತಿರುವುದು. ಅಫಿಡವಿಟ್ ಬರೆಸಿ ಪಾರಾಗುತ್ತಿದ್ದ ಅಣ್ಣಂದಿರ ಉಪಾಯ ಇವರಿಗೆ ಒದಗದು.

3. ಮೂಲಪ್ರತಿಗೆ ನಿಮ್ಮ ಕಪಾಟಿನಲ್ಲಿ ಜಾಗವಿಲ್ಲ

ಮೂಲಪ್ರತಿ ನೋಡಿ, ಝೆರಾಕ್ಸಿನ ಮೂಲೆಯಲ್ಲಿ ‘ಮೂಲ ನೋಡಿದೆ’ ಎಂದು ದಿನಾಂಕ ಹಾಕಿ, ಅಲ್ಲೇ ವಾಪಸು ಕೊಡಿ. ಫೀಸು ಬಾಕಿ ಇದೆಯೆಂದು ಮಗುವಿನ ಕಾಗದ ಹಿಡಿದಿಟ್ಟುಕೊಳ್ಳುವ ಚಾಳಿ ಕೆಲವು ಕಡೆ ಉಂಟು. ಅದು ವಸೂಲಿಯಲ್ಲ, ಒತ್ತೆ.

4. ಕಪಾಟು ಎದೆಮಟ್ಟಕ್ಕಿಂತ ಮೇಲಿರಲಿ

2005ರ ಜುಲೈ 26ರ ಮಳೆಯನ್ನು ಈ ಕಡೆಯವರು ಇನ್ನೂ ಇಸವಿಯಿಲ್ಲದೆ ‘ಸವ್ವೀಸ್ ಜುಲೈ’ ಎಂದೇ ಹೇಳುತ್ತಾರೆ. ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಇತ್ತ ಉಲ್ಲಾಸ್, ವಾಲಧುನಿ ನದಿಗಳು ಉಕ್ಕಿ ಕಲ್ಯಾಣ, ಉಲ್ಲಾಸನಗರ, ಬದ್ಲಾಪುರದ ತಗ್ಗಿನ ಮನೆಗಳಿಗೆ ನುಗ್ಗಿದವು. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಜನನ ಪತ್ರ ಎಲ್ಲ ಮುದ್ದೆಯಾದ ಮನೆಗಳು ಎಷ್ಟೋ. ನೆಲಮಹಡಿಯಲ್ಲಿ ಪಾಳಣಾಘರ ನಡೆಸುವವರು ಮಂಚದಡಿಯ ಟ್ರಂಕನ್ನು ಇವತ್ತೇ ಮರೆತುಬಿಡಿ. ಎತ್ತರದ ಶೆಲ್ಫು, ಜಿಪ್ ಇರುವ ಪ್ಲಾಸ್ಟಿಕ್ ಕವರು, ಜೂನ್ ಮೊದಲ ವಾರ ಒಮ್ಮೆ ಎಲ್ಲ ತೆಗೆದು ಗಾಳಿಗೆ ಹಿಡಿಯುವುದು. ಮಳೆಗಾಲದ ಬೂಷ್ಟು ನೆರೆಗಿಂತ ನಿಧಾನ, ಆದರೆ ಪ್ರತಿವರ್ಷ ತಪ್ಪದೆ ಬರುತ್ತದೆ.

ಲಸಿಕೆ ಕಾರ್ಡಿಗೆ ಲ್ಯಾಮಿನೇಷನ್ ಬೇಡ. ಮುಂದಿನ ಚುಚ್ಚುಮದ್ದಿನ ತಾರೀಖನ್ನು ನರ್ಸ್ ಎಲ್ಲಿ ಬರೆಯಬೇಕು?

5. ಕರೆದೊಯ್ಯುವವರ ಪಟ್ಟಿ, ಮತ್ತು ಒಂದೇ ರೈಲಿನ ಸಮಸ್ಯೆ

ತುರ್ತಿಗೆ ಎರಡು ನಂಬರ್ ಕೊಡಿ ಎಂದರೆ ಎಲ್ಲರೂ ಕೊಡುವುದು ಅಪ್ಪನದು, ಅಮ್ಮನದು. ಕರ್ಜತ್ ಅಥವಾ ಬದ್ಲಾಪುರದ ಲೋಕಲ್ಲಿನಲ್ಲಿ ಇಬ್ಬರೂ ಠಾಣೆಯ ಆಚೆ ಸಿಕ್ಕಿಕೊಂಡಿದ್ದರೆ ಆ ಎರಡು ನಂಬರಿನಿಂದ ಏನು ಬಂತು? 2019ರ ಜುಲೈ 27ರಂದು ಇದೇ ಮಾರ್ಗದಲ್ಲಿ, ಬದ್ಲಾಪುರ ಮತ್ತು ವಾಂಗಣಿಯ ನಡುವೆ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೆರೆನೀರಿನಲ್ಲಿ ನಿಂತು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಬೇಕಾಯಿತು. ಆದ್ದರಿಂದ ಮೂರನೆಯ ನಂಬರ್ ಕಡ್ಡಾಯ ಮಾಡಿ, ಷರತ್ತು ಒಂದೇ: ಆ ವ್ಯಕ್ತಿ ರೈಲು ಹತ್ತದೆ ನಡೆದುಬಂದು ಮಗುವನ್ನು ಒಯ್ಯುವಂತಿರಬೇಕು. ನಾಲ್ಕನೆಯದು ಊರಿನ ಅಜ್ಜಿಯದಿರಲಿ. ಕರೆದೊಯ್ಯಲು ಅಲ್ಲ, ಅಪ್ಪ-ಅಮ್ಮನ ಫೋನ್ ಎರಡೂ ಸತ್ತಾಗ ಇನ್ನಾರನ್ನು ಕೇಳಬೇಕೆಂದು ಹೇಳಲು.

ಪಟ್ಟಿಯಲ್ಲಿ ಪ್ರತಿಯೊಬ್ಬರ ಫೋಟೋ, ಸಂಬಂಧ, ತಾಯಿ ಅಥವಾ ತಂದೆಯ ಸಹಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ, ಎಷ್ಟೇ ಪರಿಚಿತರಾಗಲಿ, ಮೊದಲು ಫೋನ್. ‘ಗುರುತಿಲ್ವಾ ನನ್ನ?’ ಎಂದು ಚಿಕ್ಕಪ್ಪ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬಿಟ್ಟ ಹೊತ್ತು, ಒಯ್ದ ಹೊತ್ತು, ಸಹಿ ಇವು ಪ್ರತಿದಿನ. ಅಪ್ಪ-ಅಮ್ಮ ಬೇರೆಯಾಗಿರುವ ಮನೆಯಾದರೆ ಕೋರ್ಟಿನ ಆದೇಶದ ಪ್ರತಿ ಕಡತದಲ್ಲಿರಲಿ. ಬಾಯಿಮಾತಿನ ಮೇಲೆ ಯಾರ ಪಕ್ಷವನ್ನೂ ಹಿಡಿಯಬೇಡಿ.

ಒಳಗೆ ಬರುವವರ ಪುಸ್ತಕವೂ ಬೇರೆ ಬೇಕು: ಪ್ಲಂಬರ್, ಗ್ಯಾಸಿನವನು, ನಿಮ್ಮದೇ ನೆಂಟರು. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯ ಹೊರಬಿದ್ದು, ಜನ ರೈಲು ಹಳಿಯ ಮೇಲೆ ಕೂತರು. ಇಲ್ಲಿಂದ ಕೆಲವೇ ನಿಲ್ದಾಣದ ದೂರ. ಅದಾದ ಮೇಲೆ ರಾಜ್ಯ ಸರ್ಕಾರ ಶಾಲೆಗಳಲ್ಲಿ ಸಿಸಿಟಿವಿ ಕಡ್ಡಾಯವೆಂದಿತು. ಕ್ಯಾಮೆರಾ ಇರಲಿ, ಯಾವ ಗಂಟೆಯಲ್ಲಿ ಯಾರು ಒಳಗಿದ್ದರು, ಮಗುವನ್ನು ಶೌಚಕ್ಕೆ ಕರೆದೊಯ್ದವರು ಯಾರು ಎಂಬ ಪೆನ್ನಿನ ಬರಹ ಕರೆಂಟು ಹೋದಾಗಲೂ ಉಳಿಯುತ್ತದೆ. ಅನುಮಾನ ಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕರ್ತವ್ಯ. 1098 ಸಹಾಯವಾಣಿಯನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸಿ.

6. ‘ಎಲ್ಲಾ ಹಾಕ್ಸಿದೆ’ ಎಂಬುದು ದಾಖಲೆಯಲ್ಲ

ಲಸಿಕೆಯ ಹೆಸರು, ತಾರೀಖು. ಇಷ್ಟೇ ಬೇಕು, ಇಷ್ಟೂ ಬೇಕು. ಕರ್ನಾಟಕದ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದ ತಾರೀಖುಗಳನ್ನು ಇಲ್ಲಿನ ಆಶಾ ಕಾರ್ಯಕರ್ತೆ ಓದಲಾರಳು. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಕಾರ್ಡಿನ ಝೆರಾಕ್ಸಿಗೆ ಪಿನ್ ಹಾಕಿ. ಖಾಸಗಿ ಡಾಕ್ಟರ ಪುಸ್ತಕದಲ್ಲಿ ಕಂಪನಿಯ ಸ್ಟಿಕ್ಕರ್ ಮಾತ್ರ ಇರುತ್ತದೆ, ಅದು ಯಾವ ರೋಗದ ಲಸಿಕೆ ಎಂದು ಕೇಳಿ ಪಕ್ಕದಲ್ಲಿ ಬರೆಯಿಸಿ. ಹುಟ್ಟಿದಾಗಿನದು, 6, 10, 14 ವಾರದ್ದು, 9 ತಿಂಗಳ ದಡಾರ-ರುಬೆಲ್ಲಾ ಇವನ್ನು ತವರಿನಲ್ಲೋ ಇಲ್ಲೋ ಹೇಗೋ ಹಾಕಿಸಿರುತ್ತಾರೆ. ನಿಮ್ಮ ಕೈಯಲ್ಲಿ ಮಗು ಇರುವಾಗ ಬರುವುದು ಎರಡು ಹಂತ: 16ರಿಂದ 24 ತಿಂಗಳ ನಡುವಿನ ಎರಡನೇ ದಡಾರ-ರುಬೆಲ್ಲಾ ಮತ್ತು ಡಿಪಿಟಿ ಬೂಸ್ಟರ್, ಆಮೇಲೆ 5-6 ವರ್ಷದ ಡಿಪಿಟಿ. ಮಗು ಗಟ್ಟಿಯಾಗಿ ಓಡಾಡುತ್ತಿರುವ ಕಾಲ, ಮರೆಯುವುದು ಇವೇ. ಜಪಾನೀಸ್ ಮಿದುಳುಜ್ವರದ ಲಸಿಕೆ ಆ ರೋಗವಿರುವ ಜಿಲ್ಲೆಗಳಲ್ಲಿ ಮಾತ್ರ ಕೊಡುವಂಥದ್ದು. ಒಂದು ಮಗುವಿನ ಕಾರ್ಡಿನಲ್ಲಿದ್ದು ಇನ್ನೊಂದರಲ್ಲಿ ಇರದಿದ್ದರೆ ಗಾಬರಿ ಬೇಡ.

7. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ

ಈ ಪಾಠವನ್ನು ಅಂಗನವಾಡಿ ಸೇವಿಕೆಯರಿಂದ ಕಲಿಯಬೇಕು. ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಜೊತೆಗೂಡಿ 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿ ಬಾಲವಾಡಿ ಶುರುಮಾಡಿದಾಗ, ಮಗುವಿನ ಅಂಗಳಕ್ಕೇ ಶಿಕ್ಷಕಿ ಹೋಗಬೇಕೆಂಬುದು ಅವರ ವಿಚಾರವಾಗಿತ್ತು. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಐಸಿಡಿಎಸ್ ಯೋಜನೆ 33 ಬ್ಲಾಕುಗಳಲ್ಲಿ ಆರಂಭವಾಯಿತು. ಯೋಜನೆ ಬೆಳೆದಂತೆ ಪುಸ್ತಕಗಳೂ ಬೆಳೆದವು: ಕುಟುಂಬದ ವಿವರ, ಆಹಾರ ದಾಸ್ತಾನು, ಆಹಾರ ವಿತರಣೆ, ಶಾಲಾಪೂರ್ವ ಶಿಕ್ಷಣ, ಗರ್ಭಿಣಿಯರು, ಲಸಿಕೆ, ಎ ಜೀವಸತ್ವ, ಮನೆಭೇಟಿ, ಆಸ್ಪತ್ರೆಗೆ ಕಳಿಸಿದ್ದು, ತಿಂಗಳ ಸಾರಾಂಶ, ತೂಕ ಎಂದು ಒಟ್ಟು 11 ರಿಜಿಸ್ಟರು. 2021ರ ಮಾರ್ಚಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಆ ವರ್ಷ ಮಹಾರಾಷ್ಟ್ರದ ಸಾವಿರಾರು ಸೇವಿಕೆಯರು ಸರ್ಕಾರ ಕೊಟ್ಟ ಫೋನನ್ನು ಸರ್ಕಾರಕ್ಕೇ ಮರಳಿಸಿದರು. ಫೋನು ಕೆಲಸಕ್ಕೆ ಬಾರದು, ಆ್ಯಪಿನ ಇಂಗ್ಲಿಷು ತಲೆಗೆ ಹತ್ತದು ಎಂಬುದು ಅವರ ದೂರು. ಅವರನ್ನು ಸೋಮಾರಿಗಳೆಂದವರು ಒಂದು ದಿನ ಆ ಹನ್ನೊಂದು ಪುಸ್ತಕ ತುಂಬಿ ನೋಡಲಿ.

ನಿಮ್ಮ ಕೋಣೆಯಲ್ಲಿ ಇದನ್ನೇ ಮರುಸೃಷ್ಟಿಸಬೇಡಿ. ಹಾಜರಿ ಪುಸ್ತಕದಲ್ಲಿದ್ದರೆ ಪುಸ್ತಕದಲ್ಲಿ, ಫೋನಿನಲ್ಲಿದ್ದರೆ ಫೋನಿನಲ್ಲಿ. ಎರಡೂ ಕಡೆ ಬರೆದರೆ ಮೂರನೇ ವಾರಕ್ಕೆ ಎರಡೂ ತಪ್ಪು ಹೇಳುತ್ತವೆ. ನಿಮಗೆ ಬೇಕಾದವು ನಾಲ್ಕೇ: ಮಗುವಿನ ಕಡತ, ಹಾಜರಿ-ಸಹಿ ಪುಸ್ತಕ, ಘಟನೆ ಪುಸ್ತಕ, ಬಂದವರ ಪುಸ್ತಕ. ತೂಕ-ಎತ್ತರವನ್ನು ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಕಡತದೊಳಗಿನ ಬೆಳವಣಿಗೆ ಪಟದಲ್ಲೇ ಗುರುತಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಆ ಪಟದಲ್ಲಿ ಹುಡುಗ-ಹುಡುಗಿಯರಿಗೆ ಬೇರೆ ಬೇರೆ ರೇಖೆಗಳು. ತಪ್ಪು ಹಾಳೆ ಹಾಕಬೇಡಿ. ಒಂದು ತಿಂಗಳ ಅಂಕಿಗಿಂತ ಗೆರೆ ಯಾವ ಕಡೆ ಹೊರಟಿದೆ ಎಂಬುದು ಮುಖ್ಯ.

8. ಬಿದ್ದ ಸಂಜೆಯೇ ಬರೆಯಿರಿ

ಮಗು ಬೀಳುತ್ತದೆ, ಕಚ್ಚಿಸಿಕೊಳ್ಳುತ್ತದೆ. ಹೊತ್ತು, ಜಾಗ, ಯಾರು ನೋಡಿದರು, ಏನು ಮಾಡಿದಿರಿ, ತಾಯಿಗೆ ಎಷ್ಟು ಹೊತ್ತಿಗೆ ತಿಳಿಸಿದಿರಿ. ಐದು ಸಾಲು, ಕೆಳಗೆ ತಾಯಿಯ ಸಹಿ. ‘ತುಂಬ ತುಂಟ, ಮಾತು ಕೇಳಲ್ಲ’ ಎಂಬ ಅಭಿಪ್ರಾಯ ಘಟನೆ ಪುಸ್ತಕಕ್ಕೆ ಬೇಡ. ಬೇರೆ ಮಗು ಕಚ್ಚಿದ್ದಾದರೆ ಅದರ ಹೆಸರು ಇಲ್ಲಿ ಬೇಡವೇ ಬೇಡ, ಚಾಳಿನಲ್ಲಿ ಅದು ಸಂಜೆಯೊಳಗೆ ಮಹಾಯುದ್ಧವಾಗುತ್ತದೆ. ಔಷಧಿಯೂ ಹಾಗೆಯೇ: ಹೆಸರು, ಎಷ್ಟು ಮಿಲಿ, ಎಷ್ಟು ಗಂಟೆಗೆ, ಯಾವ ದಿನದವರೆಗೆ ಎಂದು ಬರೆದು ಸಹಿ ಹಾಕಿಕೊಡದಿದ್ದರೆ ಒಂದು ಹನಿಯನ್ನೂ ಹಾಕಬೇಡಿ.

9. ಆಧಾರ್ ವಾಟ್ಸಾಪ್ ಗ್ರೂಪಿಗೆ ಬೇಡ

‘ಮೇಡಂ, ಆಧಾರ್ ಗ್ರೂಪಲ್ಲೇ ಹಾಕಿದೀನಿ’ ಎನ್ನುವ ಅಪ್ಪಂದಿರಿದ್ದಾರೆ. ಅಳಿಸಲು ಹೇಳಿ. ಬೇಕೇ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಸಾಕು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲೇ ಹೇಳಿದೆ; ಅದಿಲ್ಲವೆಂದು ಪಾಳಣಾಘರದ ಬಾಗಿಲು ಮುಚ್ಚುವುದಕ್ಕೆ ಅರ್ಥವಿಲ್ಲ. ನೀಲಿ ಆಧಾರ್ ಇರುವವರಿಗೆ ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕೆಂದು ನೆನಪಿಸಿ. ಮಕ್ಕಳ ಫೋಟೋ ಹಾಕಲು ಪ್ರತಿ ಮನೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಗಣೇಶ ಚೌತಿಯ ಫ್ಯಾನ್ಸಿ ಡ್ರೆಸ್ಸಿನ ಚಿತ್ರಕ್ಕೂ ಇದು ಅನ್ವಯ.

10. ಕಡತವನ್ನು ಹೊರಡುವ ದಿನಕ್ಕಾಗಿ ಕಟ್ಟಿ

ವಿಠ್ಠಲವಾಡಿಯಲ್ಲಿ ಮಗು ಬಹುಕಾಲ ನಿಲ್ಲುವುದಿಲ್ಲ. ಬಾಡಿಗೆ ಏರಿದರೆ ಅಂಬರನಾಥ, ಸ್ವಂತ ಮನೆಯಾದರೆ ಬದ್ಲಾಪುರ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯಕ್ಕೆ ಸೇರಿಸುವವರು ಅತ್ತ ಹೋಗುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರು ಒಂದು ಸೈಟಿನ ಸ್ಲ್ಯಾಬ್ ಮುಗಿದರೆ ಮುಂದಿನದಕ್ಕೆ, ಮಳೆ ಬಿದ್ದರೆ ಬಿತ್ತನೆಗೆಂದು ಊರಿಗೆ. ಮೀರಾ ಮಹಾದೇವನ್ 1969ರಲ್ಲಿ ದೆಹಲಿಯ ಕಟ್ಟಡ ಕೆಲಸದ ಆವರಣದಲ್ಲಿ ಮೊಬೈಲ್ ಕ್ರೆಷಸ್ ಸಂಸ್ಥೆ ಶುರುಮಾಡಿದ್ದು, ಕೆಲವೇ ವರ್ಷಗಳಲ್ಲಿ ಅದು ಮುಂಬಯಿಗೂ ಬಂದದ್ದು ಇಂಥ ಮಕ್ಕಳಿಗಾಗಿಯೇ. ಅಂಗನವಾಡಿಯಲ್ಲಿ ಹೆಸರಿರುವ ಮಗುವಾದರೆ ಪೋಷಣ್ ಟ್ರ್ಯಾಕರಿನಲ್ಲಿ ಬೇರೆ ರಾಜ್ಯಕ್ಕೂ ವರ್ಗಾಯಿಸಬಹುದು. ಹೊರಡುವ ಮೊದಲು ಸೇವಿಕೆಗೆ ತಿಳಿಸಲು ತಾಯಿಗೆ ಹೇಳಿ. ಊರಿನಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳಾದ ‘ಕೂಸಿನ ಮನೆ’ಗಳಿವೆ, ಅಲ್ಲಿಯೂ ಇದೇ ಹಾಳೆಗಳು ಕೆಲಸಕ್ಕೆ ಬರುತ್ತವೆ.

ಶಾಲೆಗೆ ಸೇರುವ ವಯಸ್ಸಿನ ಲೆಕ್ಕವೂ ಗಡಿ ದಾಟಿದರೆ ಬೇರೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕಾದ ದಿನ ಮಹಾರಾಷ್ಟ್ರದಲ್ಲಿ ಡಿಸೆಂಬರ್ 31, ಕರ್ನಾಟಕದಲ್ಲಿ ಜೂನ್ 1. 2025-26ರಲ್ಲಿ ಕರ್ನಾಟಕ ಐದೂವರೆಯ ಆಸುಪಾಸಿನವರಿಗೂ ಸಡಿಲಿಕೆ ಕೊಟ್ಟಾಗ ಯುಕೆಜಿ ಮುಗಿಸಿರಬೇಕೆಂದು ಕೇಳಿತು. ಮಗು ನಿಮ್ಮಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಗುಂಪಿನಲ್ಲಿ ಕಲಿಯಿತು ಎಂಬ ಒಂದು ಪುಟದ ಪತ್ರವನ್ನು ಕೇಳುವ ಮೊದಲೇ ಕೊಟ್ಟುಬಿಡಿ.

ಹೊರಡುವ ದಿನದ ಕಟ್ಟು ಹೀಗಿರಲಿ: ಮೊದಲ ಪುಟದ ಹೊಸ ಪ್ರತಿ, ಲಸಿಕೆ ಪಟ್ಟಿ, ಬೆಳವಣಿಗೆ ಪಟ, ಕಲಿತ ಅವಧಿಯ ಪತ್ರ. ನಿಮ್ಮಲ್ಲಿದ್ದ ಆಧಾರ್ ಮತ್ತು ಜನನ ಪತ್ರದ ಝೆರಾಕ್ಸುಗಳನ್ನೂ ವಾಪಸು ಕೊಡಿ, ಫೋನಿನಲ್ಲಿದ್ದ ಚಿತ್ರಗಳನ್ನು ತಾಯಿಯ ಎದುರೇ ಅಳಿಸಿ. ಹಾಜರಿ, ಹಣದ ರಸೀದಿ, ಘಟನೆ ಪುಸ್ತಕ ನಿಮ್ಮಲ್ಲೇ ಉಳಿಯಲಿ. ಏನೇನು ಕೊಟ್ಟಿರಿ ಎಂದು ಬರೆದು ಸಹಿ ಪಡೆಯುವಾಗ ಮುಂದಿನ ಶಾಲೆಯ ಅಥವಾ ಕೇಂದ್ರದ ಹೆಸರು, ಫೋನ್ ನಂಬರನ್ನೂ ಕೇಳಿ ಬರೆದುಕೊಳ್ಳಿ. ಜೂನಿನಲ್ಲಿ ಅಲ್ಲಿಂದ ಯಾರಾದರೂ ಫೋನ್ ಮಾಡಿ ಎರಡನೇ ದಡಾರ-ರುಬೆಲ್ಲಾ ಹಾಕಿಸಿದ ತಾರೀಖು ಯಾವುದು ಎಂದು ಕೇಳಿಯೇ ಕೇಳುತ್ತಾರೆ.